ಪಾಲಕರ ಕಣ್ಣು ತೆರೆಸಿದ ಕಲಾಕೃತಿಗಳು

ವಸ್ತುಸಂಗ್ರಹಾಲಯದ ಪಾಲಕನೆಂದರೆ, ಅರ್ಥಾತ್ ಕ್ಯುರೇಟರ್ ಎಂದು ಕರೆಯಲ್ಪಡುವ ಅಧಿಕಾರಿಯೆಂದರೆ, ಹಳೆಯ ವಸ್ತುಗಳಿಗೆ ಸಂಖ್ಯೆ ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಡುವವನೆಂಬ ಭಾವನೆ ಸಾಮಾನ್ಯವಾಗಿದೆ. ಈ ಭಾವನೆ ಪೂರ್ಣವಾಗಿ ತಪ್ಪೆನ್ನುವಂತಿಲ್ಲ. ವಸ್ತುವಿನ ಕಾಲ, ದ್ರವ್ಯ, ಅಳತೆ, ದೊರೆತ ಸ್ಥಳ ಇವುಗಳನ್ನು ನಿರ್ಣಯಿಸಿ ದಾಖಲೆಯ ಪುಸ್ತಕದಲ್ಲಿ ಬರೆದಿಡುವುದು ಅವನ ನಿತ್ಯದ ಕೆಲಸವೇ ಸರಿ. ಆದರೆ ಒಂದೇ ವಸ್ತುವಿನ ಸಮ್ಮುಖದಲ್ಲಿ ವರ್ಷಗಟ್ಟಲೆ ಕಳೆಯುವ ಅವಕಾಶವೂ ಅವನಿಗೇ ಲಭ್ಯ. ಪ್ರೇಕ್ಷಕನು ಕೆಲವು ಕ್ಷಣಗಳಲ್ಲಿ ನೋಡಿ ಮುಂದೆ ಹೋಗುವ ವಿಗ್ರಹವನ್ನು ಪಾಲಕನು ಹಿಂಬದಿಯಿಂದ, ತಳದಿಂದ, ಪೀಠದ ತೂತುಗಳಿಂದ ಮೊದಲ್ಗೊಂಡು ಬಲ್ಲನು. ಇಂಥ ದೀರ್ಘ ಪರಿಚಯದಿಂದ ಕೆಲವರ ಲೋಕದೃಷ್ಟಿಯೇ ಬದಲಾದುದುಂಟು. ಭಾರತೀಯ ಕಲೆಗೆ ಸಂಬಂಧಿಸಿದಂತೆ ಮೂವರು ಪಾಲಕರ ವಿಷಯದಲ್ಲಿ ಇದು ನಡೆದ ಬಗೆ ವಿಚಾರಾರ್ಹವಾಗಿದೆ. ಅದಕ್ಕೂ ಮೊದಲು, ದೃಷ್ಟಿ ಬದಲಾಗದೆ ಉಳಿದ ಒಬ್ಬ ಪಾಲಕರನ್ನು ಸ್ಮರಿಸಬೇಕಾಗುತ್ತದೆ.

ಸರ್ ಜಾರ್ಜ್ ಬರ್ಡ್‌ವುಡ್ ಎಂಬ ಈ ವಿದ್ವಾಂಸರು 1832ರಲ್ಲಿ ನಮ್ಮ ಬೆಳಗಾವಿಯಲ್ಲಿ ಜನಿಸಿದವರು. ವೈದ್ಯವೃತ್ತಿಯವರಾಗಿದ್ದು, ಮುಂಬಯಿಯ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಕರಾಗಿಯೂ ಕೆಲಸ ಮಾಡಿದರು. 1880ರಲ್ಲಿ ಪ್ರಕಟವಾದ ಇವರ 'ದಿ ಇಂಡಸ್ಟ್ರಿಯಲ್ ಆರ್ಟ್ಸ್ ಆಫ್ ಇಂಡಿಯಾ' ಎಂಬ ಗ್ರಂಥ ಭಾರತದ ನೇಕಾರರನ್ನೂ ಕಂಚುಗಾರರನ್ನೂ ಕುಂಬಾರರನ್ನೂ ಮನಸಾರೆ ಹೊಗಳಿದೆ. ಗಿರಣಿಯ ಸರಕಿನ ಮುಂದೆ ಹಳ್ಳಿಯ ಕಸುಬುದಾರನ ಕೈಕೆಲಸವೇ ಶ್ರೇಷ್ಠವೆಂದು ಆ ಕಾಲದಲ್ಲಿ ಹೇಳಿದ ಆಂಗ್ಲರು ವಿರಳ. ಆ ಮಟ್ಟಿಗೆ ಬರ್ಡ್‌ವುಡ್‌ರ ಉಪಕಾರ ದೊಡ್ಡದು. ಆದರೆ ಸೀರೆ, ಬಿಂದಿಗೆ, ಆಭರಣಗಳ ಮಟ್ಟದಲ್ಲಿ ನಿಂತ ಅವರ ಮೆಚ್ಚುಗೆ ದೇವತಾವಿಗ್ರಹಗಳ ಬಳಿಗೆ ಬಂದಾಗ ಹಿಂದೆ ಸರಿಯಿತು. ಭಾರತದಲ್ಲಿ ಕಸುಬುಂಟು, ಉನ್ನತ ಶಿಲ್ಪಕಲೆಯಿಲ್ಲ ಎಂಬುದು ಅವರ ಕೊನೆಯ ತೀರ್ಪಾಗಿತ್ತು.

ಈ ತೀರ್ಪು 1910ರ ಜನವರಿ 13ರಂದು ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಬಹಿರಂಗವಾಗಿ ಹೊರಬಿತ್ತು. ಅಂದು ಉಪನ್ಯಾಸ ಮಾಡಿದವರು ಇ. ಬಿ. ಹ್ಯಾವೆಲ್; ಅಧ್ಯಕ್ಷತೆ ವಹಿಸಿದವರು ಬರ್ಡ್‌ವುಡ್. ಜಾವಾ ದ್ವೀಪದ ಧ್ಯಾನಸ್ಥ ಬುದ್ಧನ ಒಂದು ಚಿತ್ರವನ್ನು ಕುರಿತು ಅಧ್ಯಕ್ಷರು, ಕೊಬ್ಬು ಬೆರೆಸಿ ಬೇಯಿಸಿದ ಕಡುಬಿಗೂ ಈ ವಿಗ್ರಹಕ್ಕೂ ಭೇದವಿಲ್ಲವೆಂಬ ಅರ್ಥದ ಮಾತನ್ನಾಡಿದರು. ಅದೇ ವರ್ಷದ ಫೆಬ್ರವರಿ 28ರಂದು ಹದಿಮೂರು ಮಂದಿ ಕಲಾವಿದರೂ ವಿಮರ್ಶಕರೂ ಸಹಿ ಮಾಡಿದ ಪ್ರತಿಭಟನೆಯ ಪತ್ರವೊಂದು 'ಟೈಮ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತೀಯ ಕಲೆಯ ಪ್ರಚಾರಕ್ಕೆಂದು ಇಂಡಿಯಾ ಸೊಸೈಟಿ ಎಂಬ ಸಂಸ್ಥೆಯೂ ಅದೇ ವರ್ಷ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಬೆಳಗಾವಿಯಲ್ಲಿ ಹುಟ್ಟಿದವರಿಗೆ ಕಾಣದೆ ಹೋದದ್ದು ಇಂಗ್ಲೆಂಡಿನಲ್ಲಿ ಹುಟ್ಟಿದ ಹ್ಯಾವೆಲ್ಲರಿಗೆ ಹೇಗೆ ಕಂಡಿತೆಂಬುದು ಸಹಜವಾದ ಪ್ರಶ್ನೆ.

ಹ್ಯಾವೆಲ್ಲರು 1884ರಲ್ಲಿ ಮದರಾಸಿನ ಕಲಾಶಾಲೆಗೆ ಬಂದವರು. 1896ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯ ಮುಖ್ಯಸ್ಥರಾದಾಗ ಅದಕ್ಕೆ ಸೇರಿದ ಚಿತ್ರಶಾಲೆಯ ಪಾಲನೆಯೂ ಅವರಿಗೆ ಬಂದಿತು. ಅಲ್ಲಿ ತುಂಬಿದ್ದುದು ಯೂರೋಪಿನ ಚಿತ್ರಗಳ ನಕಲುಗಳು ಮತ್ತು ಗ್ರೀಕ್ ಪ್ರತಿಮೆಗಳ ಗಾರೆಯ ಅಚ್ಚುಗಳು. ಹ್ಯಾವೆಲ್ಲರು ಇವನ್ನು ಕ್ರಮಕ್ರಮವಾಗಿ ಹೊರಗೆ ಹಾಕಿ, ಮೊಗಲರ ಕಾಲದ ಕಿರುಚಿತ್ರಗಳನ್ನೂ ದೇಶೀಯ ಶಿಲ್ಪಗಳನ್ನೂ ಸಂಗ್ರಹಿಸತೊಡಗಿದರು. ಆಶ್ಚರ್ಯದ ಸಂಗತಿಯೆಂದರೆ ಇದನ್ನು ಪ್ರತಿಭಟಿಸಿದವರು ಬಂಗಾಳಿಗಳೇ. ಭಾರತೀಯರಿಗೆ ಉನ್ನತವಾದ ಪಾಶ್ಚಾತ್ಯ ಕಲಾಶಿಕ್ಷಣವನ್ನು ತಪ್ಪಿಸುವ ಸರ್ಕಾರದ ಹುನ್ನಾರವಿದೆಂದು ಪತ್ರಿಕೆಗಳು ಬರೆದವು. ಕೆಲವು ವಿದ್ಯಾರ್ಥಿಗಳು ಶಾಲೆಯನ್ನೇ ಬಿಟ್ಟರು. ಆ ಸಂಶಯ ನಿರಾಧಾರವೆಂದು ಈಗ ಹೇಳುವುದು ಸುಲಭ. ಪರಾಧೀನ ದೇಶದ ಜನ ಆಳರಸರ ಪ್ರತಿಯೊಂದು ಬದಲಾವಣೆಯನ್ನೂ ಸಂಶಯದಿಂದ ನೋಡಿದುದು ಅಸ್ವಾಭಾವಿಕವೇನಲ್ಲ.

ಹ್ಯಾವೆಲ್ಲರು ತಾವು ಕಂಡುದನ್ನು ಇತರರಿಗೆ ಕಾಣಿಸಿದ ರೀತಿಯನ್ನು ಅವನೀಂದ್ರನಾಥ ಠಾಕೂರರು ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ಮೊಗಲ್ ಶೈಲಿಯ ಒಂದು ಕೊಕ್ಕರೆಯ ಚಿತ್ರದ ಮುಂದೆ ಅವರನ್ನು ನಿಲ್ಲಿಸಿ ಹ್ಯಾವೆಲ್ಲರು ಕೈಗೆ ಭೂತಗನ್ನಡಿ ಕೊಟ್ಟರಂತೆ. ಬರಿಗಣ್ಣಿಗೆ ಸಾಮಾನ್ಯವಾಗಿ ತೋರಿದ ಆ ಪುಟ್ಟ ಚಿತ್ರದಲ್ಲಿ ಹಕ್ಕಿಯ ಒಂದೊಂದು ಗರಿಯೂ, ಕಾಲಿನ ಚರ್ಮದ ಒರಟೂ ಜೀವಂತವಾಗಿ ಕಂಡುಬಂದವು. ಪಾಶ್ಚಾತ್ಯ ರೀತಿಯಲ್ಲಿ ತರಬೇತಿ ಪಡೆದಿದ್ದ ಅವನೀಂದ್ರನಾಥರ ಕುಂಚ ಮುಂದೆ ಬೇರೆ ದಾರಿ ಹಿಡಿಯಿತು; 1905ರಲ್ಲಿ ಅವರು ಅದೇ ಶಾಲೆಯ ಉಪಮುಖ್ಯಸ್ಥರಾದರು. ಬಂಗಾಳದ ನೂತನ ಚಿತ್ರಪಂಥದ ಇತಿಹಾಸದಲ್ಲಿ ಈ ಕೊಕ್ಕರೆಗೂ ಒಂದು ಸ್ಥಾನವುಂಟು.

ಶಿಲ್ಪದ ವಿಷಯದಲ್ಲಿ ಹ್ಯಾವೆಲ್ಲರ ವಾದದ ತಿರುಳು ಹೀಗಿದೆ. ಗ್ರೀಕ್ ಶಿಲ್ಪಿಯು ಮಲ್ಲನ ದೇಹವನ್ನು ಆದರ್ಶವಾಗಿಟ್ಟುಕೊಂಡು ಸ್ನಾಯು, ನರ, ಎಲುಬುಗಳನ್ನು ಎತ್ತಿ ತೋರಿಸಿದನು. ಬೊರೊಬುದೂರಿನ ಬುದ್ಧನಲ್ಲಿ ಇವೊಂದೂ ಕಾಣವು. ಶಿಲ್ಪಿಗೆ ದೇಹರಚನೆ ತಿಳಿಯದೆ ಹೀಗಾಯಿತೆಂದು ಬರ್ಡ್‌ವುಡ್‌ರಂಥವರು ಭಾವಿಸಿದರು. ಯೋಗಿಯ ಶರೀರ ಅಂತರ್ಮುಖವಾಗಿ, ಪ್ರಾಣವಾಯುವಿನಿಂದ ತುಂಬಿ, ಒರಟು ಗುರುತುಗಳನ್ನೆಲ್ಲ ಕಳೆದುಕೊಂಡು ನಯವಾಗುತ್ತದೆಂಬ ತಿಳಿವಳಿಕೆಯಿಂದಲೇ ಆ ವಿಗ್ರಹ ಹಾಗೆ ರೂಪುಗೊಂಡಿದೆಯೆಂದು ಹ್ಯಾವೆಲ್ಲರು ತೋರಿಸಿದರು. ಯಾವ ಉದ್ದೇಶಕ್ಕಾಗಿ ವಸ್ತುವನ್ನು ಮಾಡಿದರೆಂಬುದನ್ನು ಅರಿಯದೆ ಅದರ ಗುಣದೋಷಗಳನ್ನು ಎಣಿಸಲಾಗದೆಂಬ ತತ್ತ್ವ ಇಲ್ಲಿ ಅಡಗಿದೆ. ಹ್ಯಾವೆಲ್ಲರ ಬರವಣಿಗೆಯಲ್ಲಿ ಉತ್ಪ್ರೇಕ್ಷೆಗೆ ಕೊರತೆಯಿಲ್ಲ. ಭಾರತದ ಕಲೆಯಲ್ಲೆಲ್ಲ ಅಧ್ಯಾತ್ಮವನ್ನೇ ಕಾಣುವ ಹಟ ಅವರಿಗಿತ್ತು. ಆದರೂ ಅವರು ಎತ್ತಿದ ಪ್ರಶ್ನೆ ಉಳಿದುಕೊಂಡಿತು. ಅದನ್ನು ಕೊನೆಯವರೆಗೆ ಬೆನ್ನಟ್ಟಿದವರು ಆನಂದ ಕುಮಾರಸ್ವಾಮಿಯವರು.

ಕುಮಾರಸ್ವಾಮಿಯವರು 1877ರ ಆಗಸ್ಟ್ 22ರಂದು ಕೊಲಂಬೋದಲ್ಲಿ ಜನಿಸಿದರು. ತಂದೆ ಸರ್ ಮುತ್ತು ಕುಮಾರಸ್ವಾಮಿ, ತಮಿಳರು. ತಾಯಿ ಆಂಗ್ಲ ಮಹಿಳೆ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು ಇಂಗ್ಲೆಂಡಿನಲ್ಲಿ ಬೆಳೆದ ಇವರು ಓದಿದುದು ಭೂಗರ್ಭಶಾಸ್ತ್ರವನ್ನು. ಸಿಂಹಳದ ಖನಿಜ ಸಮೀಕ್ಷೆಯ ನಿರ್ದೇಶಕರಾಗಿ 1903ರಿಂದ 1906ರವರೆಗೆ ಕೆಲಸ ಮಾಡಿ, ಥೋರಿಯನೈಟ್ ಎಂಬ ಹೊಸ ಖನಿಜವನ್ನು ಗುರುತಿಸಿದರು. ಕಲ್ಲು ಹುಡುಕಲು ಕ್ಯಾಂಡಿಯ ಹಳ್ಳಿಗಳಲ್ಲಿ ಅಲೆಯುತ್ತಿದ್ದಾಗ ಅವರ ಕಣ್ಣಿಗೆ ಬಿದ್ದುದು ಬೇರೆಯೇ ಆದ ಒಂದು ನಿಕ್ಷೇಪ. ನೇಕಾರರು, ಕಮ್ಮಾರರು, ದಂತದ ಕೆಲಸದವರು, ದೇವಾಲಯದ ಚಿತ್ರಕಾರರು ತಲೆತಲಾಂತರದ ವಿದ್ಯೆಯನ್ನು ಇನ್ನೂ ಉಳಿಸಿಕೊಂಡಿದ್ದರು. ಆದರೆ ಪರದೇಶದ ಅಗ್ಗದ ಸರಕು ಬಂದು ಅವರ ಕಸುಬು ಅಳಿಯುತ್ತಿತ್ತು. ಅದರ ಫಲವೇ 1908ರಲ್ಲಿ ಹೊರಬಂದ 'ಮೆಡೀವಲ್ ಸಿಂಹಳೀಸ್ ಆರ್ಟ್' ಎಂಬ ಬೃಹದ್ಗ್ರಂಥ. ಯಂತ್ರದ ಸರಕನ್ನು ಟೀಕಿಸುವ ಗ್ರಂಥವನ್ನು ಯಂತ್ರದಲ್ಲಿ ಅಚ್ಚುಮಾಡಿಸಲು ಮನಸ್ಸೊಪ್ಪದೆ, ವಿಲಿಯಂ ಮಾರಿಸ್ ಬಳಸಿದ್ದ ಕೈಮುದ್ರಣ ಯಂತ್ರದಲ್ಲಿ ಕೇವಲ 425 ಪ್ರತಿಗಳನ್ನು ಮುದ್ರಿಸಲಾಯಿತು. ಇದಕ್ಕೆ ಸುಮಾರು ಹದಿನೈದು ತಿಂಗಳು ಹಿಡಿಯಿತು.

ಹೀಗೆ ಕುಮಾರಸ್ವಾಮಿಯವರ ದೃಷ್ಟಿ ಮೊದಲು ಬದಲಾದುದು ದೊಡ್ಡ ವಿಗ್ರಹದಿಂದಲ್ಲ, ಬಳಕೆಯ ವಸ್ತುಗಳಿಂದ. ಈ ಹಿನ್ನೆಲೆ ಇಲ್ಲದೆ ಅವರ ನಟರಾಜ ವಿಚಾರವನ್ನು ಗ್ರಹಿಸಲಾಗದು. ಬಿಂದಿಗೆಯನ್ನು ನೋಡುವಾಗ ಅದು ನೀರಿಗಾಗಿ ಎಂಬುದನ್ನು ಯಾರೂ ಮರೆಯರು. ನಟರಾಜನ ಕಂಚಿನ ಮೂರ್ತಿಯನ್ನು ನೋಡುವಾಗ ಅದು ಯಾವುದಕ್ಕಾಗಿ ಎಂದು ಅವರು ಕೇಳಿದರು. ಉತ್ತರಕ್ಕಾಗಿ ಯೂರೋಪಿನ ಸೌಂದರ್ಯಶಾಸ್ತ್ರದ ಕಡೆಗೆ ಹೋಗದೆ ತಮಿಳಿನ ಶೈವಗ್ರಂಥಗಳ ಕಡೆಗೆ ತಿರುಗಿದರು. 'ಸಿದ್ಧಾಂತ ದೀಪಿಕಾ' ಎಂಬ ಶೈವ ಪತ್ರಿಕೆಯಲ್ಲಿ 1912ರಲ್ಲಿ ಮೊದಲು ಪ್ರಕಟವಾದ ಅವರ ಪ್ರಬಂಧ, 1918ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ 'ದಿ ಡಾನ್ಸ್ ಆಫ್ ಶಿವ' ಎಂಬ ಸಂಕಲನದ ಮೂಲಕ ಲೋಕವಿಖ್ಯಾತವಾಯಿತು. ಇಂದು ಜಗತ್ತಿನ ಯಾವ ಮೂಲೆಯಲ್ಲಾದರೂ ನಟರಾಜನ ಕೈಗಳಿಗೆ ಅರ್ಥ ಹೇಳುವವರು ಬಹುಮಟ್ಟಿಗೆ ಈ ಶೈವ ಪತ್ರಿಕೆಯ ಋಣದಲ್ಲಿದ್ದಾರೆ.

ಆಗಮಗಳನ್ನು ಬಲ್ಲ ಓದುಗರಿಗೆ ಪಂಚಕೃತ್ಯಗಳ ವಿವರಣೆ ಅನಗತ್ಯ. ಡಮರು ಸೃಷ್ಟಿಯನ್ನೂ, ಅಭಯಹಸ್ತ ಸ್ಥಿತಿಯನ್ನೂ, ಅಗ್ನಿ ಸಂಹಾರವನ್ನೂ, ಊರಿದ ಪಾದ ತಿರೋಧಾನವನ್ನೂ, ಎತ್ತಿದ ಪಾದ ಅನುಗ್ರಹವನ್ನೂ ಸೂಚಿಸುವುದೆಂಬ ಈ ಅನ್ವಯ ಕುಮಾರಸ್ವಾಮಿಯವರು ಕಲ್ಪಿಸಿದುದಲ್ಲ. ಗ್ರಂಥಗಳಲ್ಲಿದ್ದುದನ್ನು ಅವರು ವಿಗ್ರಹದ ಪಕ್ಕದಲ್ಲಿ ತಂದು ನಿಲ್ಲಿಸಿದರು. ಇದರ ಮಹತ್ವ ತಿಳಿಯಬೇಕಾದರೆ ಫ್ರಾನ್ಸಿನ ಮಹಾಶಿಲ್ಪಿ ರೋಡ್ಯಾನನ ಬರಹದೊಡನೆ ಹೋಲಿಸಬಹುದು. ಮದರಾಸು ಸಂಗ್ರಹಾಲಯದ ನಟರಾಜನ ಛಾಯಾಚಿತ್ರಗಳನ್ನು ನೋಡಿ ಅವನು 1913ರಲ್ಲಿ ಬರೆದ ಟಿಪ್ಪಣಿಗಳು 1921ರಲ್ಲಿ ಅಚ್ಚಾದವು. ಅಂಗಾಂಗಗಳ ಮೇಲೆ ಬೆಳಕು ಹರಿಯುವ ಬಗೆ, ತುಟಿಯ ತಿರುವು, ಕಾಲುಗಳ ನಿಲುವು ಇವನ್ನೆಲ್ಲ ರೋಡ್ಯಾನನು ಶಿಲ್ಪಿಯೊಬ್ಬನೇ ಕಾಣಬಲ್ಲಂತೆ ಕಂಡನು. ಆದರೆ ಮೂರ್ತಿಯ ಪ್ರಯೋಜನವನ್ನು ಅವನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಅವನಿಗೆ ತೋರಲಿಲ್ಲ.

ಕುಮಾರಸ್ವಾಮಿಯವರ ವ್ಯಾಖ್ಯಾನಕ್ಕೂ ಆಕ್ಷೇಪಗಳು ಬಂದಿವೆಯೆಂಬುದನ್ನು ಹೇಳಲೇಬೇಕು. ನಟರಾಜ ಮೂರ್ತಿಯ ಪ್ರಸಿದ್ಧ ರೂಪ ಚೋಳರಾಣಿ ಸೆಂಬಿಯನ್ ಮಹಾದೇವಿಯ ಕಾಲದಲ್ಲಿ, 10ನೆಯ ಶತಮಾನದಲ್ಲಿ, ಪ್ರಚಾರಕ್ಕೆ ಬಂದಿತು. ಅವರು ಆಧರಿಸಿದ 'ಉಣ್ಮೈ ವಿಳಕ್ಕಂ' 13ನೆಯ ಶತಮಾನದ ಕೃತಿ. ಹಿಂದಿನ ಮೂರ್ತಿಯನ್ನು ಮುಂದಿನ ಗ್ರಂಥದಿಂದ ಅರ್ಥೈಸುವುದು ಎಷ್ಟರಮಟ್ಟಿಗೆ ಸರಿಯೆಂದು ಪದ್ಮಾ ಕೈಮಲ್ ಅವರು 1999ರ ಒಂದು ಲೇಖನದಲ್ಲಿ ಪ್ರಶ್ನಿಸಿ, ಚೋಳರ ರಾಜಕೀಯಕ್ಕೂ ಈ ಮೂರ್ತಿಗೂ ಇದ್ದಿರಬಹುದಾದ ಸಂಬಂಧವನ್ನು ಚರ್ಚಿಸಿದ್ದಾರೆ. ಆಕ್ಷೇಪ ಗಟ್ಟಿಯಾದುದೇ. ಆದರೆ ಇದೂ ಮೂರ್ತಿ ಯಾವುದಕ್ಕಾಗಿ ಎಂಬ ಪ್ರಶ್ನೆಗೇ ಮತ್ತೊಂದು ಉತ್ತರವೆಂಬುದು ಗಮನಾರ್ಹ.

ತಮ್ಮ ಚಿತ್ರಸಂಗ್ರಹವನ್ನು ಭಾರತದಲ್ಲಿಯೇ ಇಡಬೇಕೆಂಬುದು ಕುಮಾರಸ್ವಾಮಿಯವರ ಇಚ್ಛೆಯಾಗಿತ್ತು. ಕಾಶಿಯಲ್ಲಿ ರಾಷ್ಟ್ರೀಯ ಸಂಗ್ರಹಾಲಯವೊಂದನ್ನು ಕಟ್ಟುವುದಾದರೆ ಎಲ್ಲವನ್ನೂ ಕೊಡಲು ಅವರು ಸಿದ್ಧರಿದ್ದರು. ಹಣ ಕೂಡಿಬರಲಿಲ್ಲ. 1917ರಲ್ಲಿ ಆ ಸಂಗ್ರಹ ಡೆನ್ಮನ್ ರಾಸ್ ಎಂಬ ದಾನಿಯ ಮೂಲಕ ಅಮೆರಿಕದ ಬಾಸ್ಟನ್ ಲಲಿತಕಲಾ ಸಂಗ್ರಹಾಲಯವನ್ನು ಸೇರಿತು. ಅದರ ಪಾಲಕರಾಗಿ ಅವರೂ ಅಲ್ಲಿಗೆ ಹೋಗಿ 1947ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು. ರಜಪೂತ ಚಿತ್ರಗಳ ಅಧ್ಯಯನಕ್ಕೆ ಭಾರತೀಯ ವಿದ್ವಾಂಸನು ಬಾಸ್ಟನ್ನಿಗೆ ಹೋಗಬೇಕಾದುದಕ್ಕೆ ಅಂದಿನ ನಮ್ಮ ಶ್ರೀಮಂತರ ಔದಾಸೀನ್ಯವೂ ಒಂದು ಕಾರಣ.

ಮೂರು ದಶಕಗಳ ಕಾಲ ಸಂಗ್ರಹಾಲಯದ ಅನ್ನವನ್ನುಂಡ ಈ ಪಾಲಕರು ಸಂಗ್ರಹಾಲಯದ ಬಗೆಗೇ ಕಠಿಣವಾದ ಪ್ರಶ್ನೆಯನ್ನು ಎತ್ತಿದರು. ಕಲಾಕೃತಿಗಳನ್ನು ಪ್ರದರ್ಶಿಸುವುದಾದರೂ ಏಕೆ ಎಂಬ ವಿಷಯವಾಗಿ 1941ರಲ್ಲಿ ಅಮೆರಿಕದ ಸಂಗ್ರಹಾಲಯಗಳವರ ಮುಂದೆ ಅವರು ಮಾಡಿದ ಭಾಷಣ 1943ರಲ್ಲಿ ಗ್ರಂಥವಾಗಿ ಬಂದಿತು. ಗಾಜಿನ ಪೆಟ್ಟಿಗೆಯೊಳಗಿರುವ ವಸ್ತುಗಳಲ್ಲಿ ಹೆಚ್ಚಿನವು ಅಲ್ಲಿರಲೆಂದು ಮಾಡಿದವಲ್ಲ. ಬಳಕೆ ನಿಂತು ನಾಶವಾಗುವ ಭಯದಿಂದ ಅಲ್ಲಿಗೆ ಬಂದವು. ಆದುದರಿಂದ ಪ್ರೇಕ್ಷಕನಿಗೆ ರೋಮಾಂಚನ ಉಂಟುಮಾಡುವುದು ಪಾಲಕನ ಕೆಲಸವಾಗದೆ, ವಸ್ತುವಿನ ಪ್ರಯೋಜನವನ್ನೂ ಅದನ್ನು ಬಯಸಿದ ಜನರ ಬದುಕನ್ನೂ ತಿಳಿಸುವುದು ಅವನ ಕೆಲಸವಾಗಬೇಕು. ಈ ಅಭಿಪ್ರಾಯ ಅನೇಕ ಸಹೋದ್ಯೋಗಿಗಳಿಗೆ ರುಚಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಕಂಚಿನ ಉತ್ಸವಮೂರ್ತಿಯೊಂದನ್ನು ತಳದಿಂದ ಪರೀಕ್ಷಿಸಿದರೆ ಅವರ ಮಾತಿನ ಸತ್ಯ ಗೋಚರಿಸುತ್ತದೆ. ಪೀಠದಲ್ಲಿ ತೂತುಗಳೋ ಬಳೆಗಳೋ ಇರುತ್ತವೆ. ಅವು ಮೂರ್ತಿಯನ್ನು ಬಿಗಿದು ಗಳುಗಳ ಮೇಲೆ ಹೊತ್ತು ಬೀದಿಯಲ್ಲಿ ಮೆರವಣಿಗೆ ಮಾಡಲು ಇರತಕ್ಕವು. ಆ ಸಮಯದಲ್ಲಿ ಪಟ್ಟೆವಸ್ತ್ರ, ಹೂವಿನ ಹಾರ, ಆಭರಣಗಳ ಮಧ್ಯೆ ಭಕ್ತನಿಗೆ ಕಾಣುವುದು ಮುಖ, ಹಸ್ತ, ಪಾದಗಳು ಮಾತ್ರ. ರೋಡ್ಯಾನನು ಕೊಂಡಾಡಿದ ದೇಹದ ಸೊಬಗು ಊರಿನ ಜನಕ್ಕೆ ಹೆಚ್ಚಾಗಿ ಕಾಣದುದು. ಅಭಿಷೇಕ ಮಾಡುವ ಅರ್ಚಕನಿಗೂ ಎರಕ ಹೊಯ್ದ ಸ್ಥಪತಿಗೂ ಗೊತ್ತಿದ್ದುದು.

ದೃಷ್ಟಿ ಬದಲಾದುದರಿಂದ ಒಳಿತಷ್ಟೇ ಆಯಿತೆನ್ನುವಂತಿಲ್ಲ. ಕಡುಬೆಂದು ಜರೆದ ಕಾಲದಲ್ಲಿ ವಿಗ್ರಹಗಳಿಗೆ ಬೆಲೆಯಿರಲಿಲ್ಲ. ಲೋಕವೆಲ್ಲ ಕೊಂಡಾಡತೊಡಗಿದ ಮೇಲೆ ಬೆಲೆ ಬಂದಿತು, ಬೆಲೆಯ ಬೆನ್ನಿಗೆ ಕಳ್ಳತನವೂ ಬಂದಿತು. ತಂಜಾವೂರು ಸೀಮೆಯ ಶಿವಪುರಂ ಎಂಬ ಹಳ್ಳಿಯಲ್ಲಿ 1951ರಲ್ಲಿ ಹೊಲ ಅಗೆಯುವಾಗ ದೊರೆತ ನಟರಾಜನನ್ನು ದೇವಾಲಯದವರು ದುರಸ್ತಿಗೆಂದು ಹೊರಗೆ ಕೊಟ್ಟರು. ಹಿಂದಿರುಗಿ ಬಂದುದು ಅದರ ನಕಲು. ಹಳ್ಳಿಯವರು ಆ ನಕಲಿಗೇ ಪೂಜೆ ಸಲ್ಲಿಸುತ್ತಿದ್ದರು. ಬ್ರಿಟಿಷ್ ಮ್ಯೂಸಿಯಂನ ಪಾಲಕ ಡಗ್ಲಸ್ ಬ್ಯಾರೆಟ್ ಅವರು ಚೋಳರ ಆರಂಭಕಾಲದ ಕಂಚುಗಳನ್ನು ಕುರಿತ ತಮ್ಮ 1965ರ ಗ್ರಂಥದಲ್ಲಿ, ಗುಡಿಯಲ್ಲಿರುವುದು ನಕಲೆಂದೂ ಮೂಲಮೂರ್ತಿ ಮುಂಬಯಿಯ ಖಾಸಗಿ ಸಂಗ್ರಹದಲ್ಲಿದೆಯೆಂದೂ ತಿಳಿಸಿದಾಗ ಗುಟ್ಟು ರಟ್ಟಾಯಿತು. ಮುಂದೆ 1973ರಲ್ಲಿ ಅಮೆರಿಕದ ನಾರ್ಟನ್ ಸೈಮನ್ ಎಂಬ ಉದ್ಯಮಿ 9 ಲಕ್ಷ ಡಾಲರುಗಳಿಗೆ ಅದನ್ನು ಕೊಂಡನು. ಭಾರತ ಸರ್ಕಾರ ಹೂಡಿದ ದಾವೆ 1976ರಲ್ಲಿ ರಾಜಿಯಲ್ಲಿ ಮುಗಿದು, ಹತ್ತು ವರ್ಷ ಅಲ್ಲಿಯೇ ಇರಿಸಿಕೊಳ್ಳಲು ಅವಕಾಶ ಕೊಡಲಾಯಿತು. 1986ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಪಾಲಕನೊಬ್ಬನ ಕಣ್ಣಿನ ಬೆಲೆ ಏನೆಂಬುದಕ್ಕೆ ಬ್ಯಾರೆಟ್ ಅವರ ಒಂದು ಟಿಪ್ಪಣಿ ಸಾಕ್ಷಿ.

ಬೆಲೆ ಕಟ್ಟುವವರ ಕಣ್ಣಿಗೆ ಎಂದೂ ಬೀಳದಿದ್ದ ಒಂದು ವಸ್ತು ಮೂರನೆಯ ಪಾಲಕರ ದೃಷ್ಟಿಯನ್ನು ತಿದ್ದಿತು. ಸ್ಟೆಲ್ಲಾ ಕ್ರಾಮ್‌ರಿಶ್ ಅವರು 1896ರಲ್ಲಿ ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಮೊರೇವಿಯಾದಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ವ್ಯಾಸಂಗ ಮಾಡಿ, ರವೀಂದ್ರನಾಥ ಠಾಕೂರರ ಆಹ್ವಾನದ ಮೇರೆಗೆ ಶಾಂತಿನಿಕೇತನಕ್ಕೆ ಬಂದರು. ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ 1950ರವರೆಗೆ ಅಧ್ಯಾಪನ ನಡೆಸಿದರು. 1933ರ 'ಇಂಡಿಯನ್ ಸ್ಕಲ್ಪ್‌ಚರ್' ಮತ್ತು 1946ರ 'ದಿ ಹಿಂದೂ ಟೆಂಪಲ್' ಎಂಬ ಗ್ರಂಥಗಳಿಂದ ಅವರ ಕೀರ್ತಿ ಸ್ಥಿರವಾಯಿತು. ಶಿಲಾವಿಗ್ರಹದಲ್ಲಿ ಉಸಿರು ತುಂಬಿದಂತೆ ಕಾಣುವ ಉಬ್ಬನ್ನು ಅವರು ವಿವರಿಸಿದ ರೀತಿ ಹ್ಯಾವೆಲ್ಲರ ಬುದ್ಧವಿಚಾರದ ಪರಿಷ್ಕೃತ ರೂಪದಂತಿದೆ.

ಮಹಾದೇವಾಲಯಗಳ ವಾಸ್ತುವಿಚಾರದಲ್ಲಿ ಮುಳುಗಿದ್ದ ಈ ವಿದುಷಿಯೇ 1939ರಲ್ಲಿ, ತಾವು ಸಂಪಾದಕರಲ್ಲೊಬ್ಬರಾಗಿದ್ದ ಕಲಾಪತ್ರಿಕೆಯಲ್ಲಿ, ಬಂಗಾಳದ ಹಳ್ಳಿಯ ಹೆಂಗಸರು ಹೊಲಿಯುವ ಕಾಂಥಾ ಎಂಬ ಹೊದಿಕೆಯನ್ನು ಕುರಿತು ಪ್ರಬಂಧ ಬರೆದರು. ಕಾಂಥಾ ಎಂದರೆ ಉಟ್ಟು ಹಳತಾದ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಸೀರೆಯ ಅಂಚಿನಿಂದಲೇ ಬಿಡಿಸಿಕೊಂಡ ಬಣ್ಣದ ನೂಲಿನಿಂದ ಒತ್ತೊತ್ತಾಗಿ ಹೊಲಿದ ಬಟ್ಟೆ. ನಡುವೆ ಅರಳಿದ ಕಮಲ, ನಾಲ್ಕು ಮೂಲೆಗಳಿಗೆ ನಾಲ್ಕು ಗಿಡಗಳು, ಉಳಿದೆಡೆಯಲ್ಲಿ ರಥ, ಆನೆ, ಮೀನು, ಕೆಲವೊಮ್ಮೆ ಟೋಪಿ ಧರಿಸಿದ ಬಿಳಿಯ ಸಿಪಾಯಿ. ಬಿಳಿಯ ನೆಲವನ್ನೆಲ್ಲ ಬಿಳಿಯ ನೂಲಿನ ಸಣ್ಣ ಹೊಲಿಗೆ ತುಂಬುವುದರಿಂದ ಬಟ್ಟೆ ನೀರಿನ ಅಲೆಯಂತೆ ಮುದುಡಿ ನಿಲ್ಲುತ್ತದೆ. ಇವು ಮಾರಾಟಕ್ಕೆಂದು ಆದವಲ್ಲ; ಮಗುವಿಗೆ, ಅಳಿಯನಿಗೆ, ಬಂದ ಅತಿಥಿಗೆ, ಪುಸ್ತಕ ಸುತ್ತಿಡುವುದಕ್ಕೆ ಆದವು.

ಉತ್ತರ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಈ ವಸ್ತು ಅಪರಿಚಿತವೆನಿಸದು. ಹೆಸರಂತೂ ಇನ್ನೂ ಹತ್ತಿರದ್ದು. ಚಿಂದಿಗಳನ್ನು ಕೂಡಿಸಿ ಹೊಲಿದ ವಿರಕ್ತರ ಹೊದಿಕೆಗೆ ಕನ್ನಡದಲ್ಲಿ ಕಂಥೆ ಎನ್ನುತ್ತಾರೆ. ಬಂಗಾಳದ ಕಾಂಥಾ ಅದೇ ಸಂಸ್ಕೃತ ಶಬ್ದದ ಮತ್ತೊಂದು ರೂಪ. ಕ್ರಾಮ್‌ರಿಶ್ ಅವರು ಹಿಡಿದ ಎಳೆಯೂ ಇದೇ. ಲೋಕ ಬಿಸುಟ ಚಿಂದಿಯನ್ನು ಭಿಕ್ಷುವೂ ಸನ್ಯಾಸಿಯೂ ಹೊಲಿದು ಉಟ್ಟರು; ಅದೇ ಚಿಂದಿಯನ್ನು ಗೃಹಿಣಿ ತನ್ನವರ ಮೈಗೆ ಹೊದಿಸಿದಳು. ಹರಿದುದನ್ನು ಮತ್ತೆ ಅಖಂಡವಾಗಿಸುವ ಕ್ರಿಯೆಯೇ ಕಾಂಥಾದ ಅರ್ಥವೆಂದು ಅವರು ಪ್ರತಿಪಾದಿಸಿದರು. ದೇವಾಲಯವನ್ನು ಕಟ್ಟಿಸಿದವರಿಗೆ ಶಾಸನವುಂಟು, ಸ್ಥಪತಿಗೆ ಶಾಸ್ತ್ರವುಂಟು. ಕಾಂಥಾ ಹೊಲಿದ ಹೆಂಗಸರಲ್ಲಿ ಬಹುಪಾಲು ಜನರ ಹೆಸರು ಕೂಡ ಉಳಿದಿಲ್ಲ. ಆದರೂ ಮಧ್ಯದ ಕಮಲದಿಂದ ದಿಕ್ಕುದಿಕ್ಕಿಗೆ ಹರಡುವ ಅವರ ರಚನೆಯಲ್ಲಿ ಒಂದು ನಿಶ್ಚಿತ ಕ್ರಮವಿದೆ. ಗ್ರಂಥವನ್ನೇ ಪ್ರಮಾಣವೆಂದು ಹಿಡಿದಿದ್ದ ಪಂಡಿತೆಗೆ ಅಕ್ಷರವಿಲ್ಲದ ಪರಂಪರೆಯೂ ಪ್ರಮಾಣವೆಂದು ತೋರಿಸಿಕೊಟ್ಟುದು ಈ ಹಳೆಯ ಬಟ್ಟೆ.

1954ರಲ್ಲಿ ಫಿಲಡೆಲ್ಫಿಯಾ ಕಲಾಸಂಗ್ರಹಾಲಯದ ಭಾರತೀಯ ವಿಭಾಗಕ್ಕೆ ಪಾಲಕರಾಗಿ ಕ್ರಾಮ್‌ರಿಶ್ ನೇಮಕಗೊಂಡಾಗ ಅಲ್ಲಿ ಒಂದು ವಿಶಿಷ್ಟ ಆಸ್ತಿಯಿತ್ತು. ಅಡಲೀನ್ ಪೆಪ್ಪರ್ ಗಿಬ್ಸನ್ ಎಂಬ ಮಹಿಳೆ 1912ರಲ್ಲಿ ಮಧುರೆಯ ಮದನಗೋಪಾಲಸ್ವಾಮಿ ದೇವಾಲಯದ ಆವರಣದಲ್ಲಿ ಕೊಂಡ ಕಲ್ಲುಕಂಬಗಳು ಅಲ್ಲಿ ಮಂಟಪವಾಗಿ ನಿಂತಿದ್ದವು. ಅಂಥ ಸಂಗ್ರಹದ ಪಾಲಕಿಯಿಂದ ಜನ ನಿರೀಕ್ಷಿಸುವುದು ಕಲ್ಲು ಕಂಚುಗಳ ಪ್ರದರ್ಶನವನ್ನು. ಕ್ರಾಮ್‌ರಿಶ್ ಅದನ್ನೂ ಮಾಡಿದರು. 1981ರಲ್ಲಿ ಶಿವನ ನಾನಾ ರೂಪಗಳನ್ನು ಕುರಿತು ಅವರು ಏರ್ಪಡಿಸಿದ ಪ್ರದರ್ಶನ ಇಂದಿಗೂ ವಿದ್ವಾಂಸರ ಬಾಯಲ್ಲಿದೆ. ಆದರೆ ಅದಕ್ಕೆ ಹದಿಮೂರು ವರ್ಷ ಮೊದಲೇ, 1968ರಲ್ಲಿ, 'ಅನ್‌ನೋನ್ ಇಂಡಿಯಾ' ಎಂಬ ಹೆಸರಿನಲ್ಲಿ ಬುಡಕಟ್ಟುಗಳ ಮತ್ತು ಹಳ್ಳಿಗಳ ಆಚರಣೆಯ ವಸ್ತುಗಳನ್ನು ಅವರು ಆ ಭವ್ಯ ಕಟ್ಟಡದೊಳಕ್ಕೆ ತಂದರು. ಸುಟ್ಟ ಮಣ್ಣಿನ ಮೂರ್ತಿಗಳು, ಗ್ರಾಮದೇವತೆಗಳಿಗೆ ಒಪ್ಪಿಸುವ ಹರಕೆಯ ವಸ್ತುಗಳು, ಕಾಂಥಾಗಳು ಅಲ್ಲಿ ಸ್ಥಾನ ಪಡೆದವು. ಮಣ್ಣಿನ ಹರಕೆಯ ವಸ್ತು ಪೂಜೆ ಮುಗಿದ ಮೇಲೆ ಮಳೆಗೆ ಕರಗಿಹೋಗಲೆಂದೇ ಬಯಲಲ್ಲಿ ಬಿಡುವಂಥದು. ಅದನ್ನು ಕಾಪಾಡಿ ಇಡುವುದು ಅದರ ಪ್ರಯೋಜನಕ್ಕೆ ಅನುಗುಣವೋ ವಿರುದ್ಧವೋ ಎಂಬುದು ಕುಮಾರಸ್ವಾಮಿಯವರ ಪ್ರಶ್ನೆಯೇ. ಅದಕ್ಕೆ ಫಿಲಡೆಲ್ಫಿಯಾದಲ್ಲಿಯೂ ನಿರ್ಣಯ ದೊರೆಯಲಿಲ್ಲ.

ಕ್ರಾಮ್‌ರಿಶ್ ಅವರು 1993ರಲ್ಲಿ ತೀರಿಕೊಂಡರು. ಬಂಗಾಳದಲ್ಲಿ ಅವರು ಕೂಡಿಸಿದ ಕಾಂಥಾಗಳು ಉಯಿಲಿನ ಮೂಲಕ ಅದೇ ಸಂಗ್ರಹಾಲಯಕ್ಕೆ ಸೇರಿದವು. 2009ರಲ್ಲಿ ಇವುಗಳನ್ನು ಮತ್ತೊಂದು ಸಂಗ್ರಹದ ಕಾಂಥಾಗಳೊಡನೆ ಸೇರಿಸಿ ಪ್ರತ್ಯೇಕ ಪ್ರದರ್ಶನವನ್ನೇ ಏರ್ಪಡಿಸಲಾಯಿತು. ಹಳೆಯ ಹತ್ತಿ ಬಟ್ಟೆಯೂ ಬಣ್ಣದ ನೂಲೂ ಬೆಳಕಿಗೆ ಮಾಸುವುದರಿಂದ ಇಂಥ ವಸ್ತುಗಳನ್ನು ಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ದೀರ್ಘಕಾಲ ಹೊರಗಿಡುವುದಿಲ್ಲ. ಮಂದವಾದ ದೀಪದ ಕೆಳಗೆ ಅವನ್ನು ತೋರಿಸಿ, ಅವಧಿ ಮುಗಿದೊಡನೆ ಕತ್ತಲೆಯ ಕೋಣೆಯ ಕಪಾಟುಗಳಿಗೆ ಹಿಂದಿರುಗಿಸುತ್ತಾರೆ.